ಬೇಲಿ ಕೂಗಿತು, ಹಂದಿ ಎಲ್ಲಿ?

ನಡುರಾತ್ರಿ. ತೋಟದ ಸೈರನ್ ಕೂಗುತ್ತಿದೆ.
ಟಾರ್ಚ್ ಹಿಡಿದು ಓಡಿದರೆ ಹಂದಿಯೂ ಇಲ್ಲ, ಕಾಡುಕೋಣವೂ ಇಲ್ಲ.
ಹಾಗಾದರೆ ಬೇಲಿ ಮುಟ್ಟಿದ್ದು ಯಾರು?

ಬೈಂದೂರು ತಾಲೂಕಿನ ಕೊಲ್ಲೂರು ಕಡೆ,
ಮೂಕಾಂಬಿಕಾ ಅಭಯಾರಣ್ಯದ ಅಂಚಿನ ಕೃಷಿಕರಿಗೆ ಸೋಲಾರ್ ಬೇಲಿ ಹೊಸದಲ್ಲ.

ಅದರ ಜೀವ ಇರುವುದು ಎನರ್ಜೈಸರ್ ಪೆಟ್ಟಿಗೆಯಲ್ಲಿ.
ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಸಾವಿರಾರು ವೋಲ್ಟಿನ ಏಟು.
ಆದರೆ ಏಟಿನ ಆಯುಷ್ಯ ಸೆಕೆಂಡಿನ ನೂರನೇ ಒಂದು ಪಾಲಿಗಿಂತ ಕಡಿಮೆ.
ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಅಷ್ಟೇ.

ತಂತಿ ತುಂಡಾಗಿ ನೆಲಕ್ಕೆ ಬಿದ್ದರೆ ವೋಲ್ಟೇಜ್ ಇಳಿಯುತ್ತದೆ.
ಆಗ ಸೈರನ್.

ಮಳೆಗಾಲದಲ್ಲಿ ಅದೇ ಕೆಲಸವನ್ನು ಒದ್ದೆ ಬಳ್ಳಿ ಮಾಡುತ್ತದೆ!
ತೂತು ಬಿದ್ದ ಪೈಪಿನಲ್ಲಿ ನೀರು ಸೋರಿದ ಹಾಗೆ,
ತಾಗಿದ ಒಂದೊಂದು ಎಲೆಯಿಂದಲೂ ಕರೆಂಟು ಮಣ್ಣಿಗೆ ಸೋರುತ್ತದೆ.

ಪರೀಕ್ಷೆ ಹೇಗೆ?

ಮೊದಲು ಬೇಲಿಯ ತಂತಿ ಬಿಚ್ಚಿ, ಬರೀ ಪೆಟ್ಟಿಗೆಯನ್ನು ಫೆನ್ಸ್ ಟೆಸ್ಟರ್‌ನಲ್ಲಿ ಅಳೆಯುವುದು.
ಆಮೇಲೆ ತಂತಿ ಜೋಡಿಸಿ, ಬೇಲಿಯ ತುತ್ತತುದಿಯಲ್ಲಿ ಅಳೆಯುವುದು.
ಅಂತರ ದೊಡ್ಡದಿದ್ದರೆ ನಡುವೆ ಎಲ್ಲೋ ಸೋರಿಕೆ ಇದೆ.

ಇನ್ನು ಅಲಾರಂ.
ಪೆಟ್ಟಿಗೆ ಆಫ್ ಮಾಡಿ, ದೂರದ ತುದಿಯಲ್ಲಿ ಬೇಲಿ ತಂತಿಯನ್ನು ಅರ್ತ್ ತಂತಿಗೆ ಸೇರಿಸಿ, ಮತ್ತೆ ಆನ್.
ಸೈರನ್ ಕೂಗಲೇಬೇಕು.
ಕೂಗದಿದ್ದರೆ, ಅಲಾರಂ ಹೊಡೆಯುವ ಮಟ್ಟವನ್ನು ತೀರಾ ಕೆಳಗೆ ಇಟ್ಟಿರಬಹುದು.

ಬೇಸಿಗೆಯ ತೊಂದರೆ ಬೇರೆ.
ಮುರಕಲ್ಲಿನ ನೆಲ ಒಣಗಿದರೆ ಅರ್ತಿಂಗ್ ಸೋಲುತ್ತದೆ.
ಅರ್ತಿಂಗ್ ಸರಳು ಹೂತ ಗುಂಡಿಗೆ ನೀರು ಹೊಯ್ದು ತಂಪಾಗಿಡಬೇಕು.

ಒಂದು ಎಚ್ಚರಿಕೆ:
ಮನೆಯ 230 ವೋಲ್ಟ್ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಅಪರಾಧ.
ಅದು ಏಟು ಕೊಟ್ಟು ಬಿಡುವುದಿಲ್ಲ, ನಿಲ್ಲದೆ ಹರಿಯುತ್ತದೆ.
ಮುಟ್ಟಿದ ಜೀವ ತಂತಿಯಿಂದ ಬಿಡಿಸಿಕೊಳ್ಳಲಾಗದೆ ಸಾಯಬಹುದು, ಹಂದಿಯಾದರೂ, ಮನುಷ್ಯನಾದರೂ.