ಜೋಳದ ಮೊಳಕೆಯೂ ಬಿಯರೂ

ಬಿಯರೆಂದರೆ ಬಾರ್ಲಿಯದು, ಬಾರ್ಲಿಯೆಂದರೆ ಶೀತದೇಶದ ಧಾನ್ಯ. ಆದಕಾರಣ ಯಾದಗಿರಿ, ಶಹಾಪುರ, ಸುರಪುರಗಳ ಎರೆಮಣ್ಣಿನ ಸೀಮೆಗೂ ಆ ಪಾನೀಯಕ್ಕೂ ಯಾವ ಸಂಬಂಧವೂ ಇಲ್ಲವೆಂದು ವಿದ್ಯಾವಂತರು ಸಹ ಭಾವಿಸುವುದುಂಟು. ಈ ಭಾವನೆ ಅರ್ಧಮಾತ್ರ ಸರಿ. ನಾರಾಯಣಪುರದ ಕಾಲುವೆ ಹರಿದು ಭತ್ತವು ಹೊಲಗಳನ್ನು ಆಕ್ರಮಿಸುವುದಕ್ಕೆ ಮುಂಚೆ ಅಲ್ಲಿಯ ಜನರ ಮುಖ್ಯ ಆಹಾರವಾಗಿದ್ದ, ಇಂದಿಗೂ ರೊಟ್ಟಿಯಾಗಿ ತಟ್ಟೆಗೆ ಬರುವ ಬಿಳಿಜೋಳವು ಆಫ್ರಿಕದ ಬಹುಭಾಗದಲ್ಲಿ ಬಿಯರಿನ ಮೂಲದ್ರವ್ಯವಾಗಿರುವ ಧಾನ್ಯದ ಜಾತಿಗೇ ಸೇರಿದುದು. ದಕ್ಷಿಣ ಆಫ್ರಿಕದ ಉಮ್ಕೊಂಬೋಥಿ, ಘಾನಾದ ಪಿಟೊ, ಬುರ್ಕಿನಾ ಫಾಸೋದ ಡೋಲೊ, ಇವೆಲ್ಲವೂ ಮೊಳೆತ ಜೋಳದ ಫಲ. ಬಹುತೇಕ ಹೆಂಗಸರು ಮನೆಯಂಗಳದಲ್ಲಿಯೇ ಕಾಯಿಸುವಂಥವು.

ಧಾನ್ಯವನ್ನು ಮೊಳೆಯಿಸುವುದೇತಕ್ಕೆ? ಹುದುಗುವಿಕೆಯನ್ನು ನಡೆಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ತಿನ್ನಬಲ್ಲುದೇ ಹೊರತು ಹಿಟ್ಟನ್ನು ತಿನ್ನಲಾರದು. ಕಾಳಿನಲ್ಲಿ ಅಡಗಿರುವುದಾದರೋ ಪಿಷ್ಟ. ಮೊಳೆಯತೊಡಗಿದ ಕಾಳು ತನ್ನ ಎಳೆಸಸಿಗೆ ಉಣಿಸುವುದಕ್ಕಾಗಿ ಆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ತಾನೇ ಸೃಷ್ಟಿಸಿಕೊಳ್ಳುವುದು. ಈ ಸಮಯದಲ್ಲಿ ಅದನ್ನು ಒಣಗಿಸಿ ನಿಲ್ಲಿಸಿದರೆ ಮಾಲ್ಟ್ ಆಯಿತು. ಕಿಣ್ವವೆಂಬ ಮಾತಿಗೆ ಒಂದು ಸ್ವಾರಸ್ಯವುಂಟು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉದ್ದು, ಅಕ್ಕಿಗಳಿಂದ ಕಟ್ಟಿದ ಹುದುಗಿನ ಮುದ್ದೆಗೆ ಈ ಹೆಸರೇ ಇದೆ. ನಮ್ಮ ವಿಜ್ಞಾನ ಲೇಖಕರು ಹೆಂಡ ಕಾಯಿಸುವವರ ಪದವನ್ನೇ ಪ್ರಯೋಗಶಾಲೆಗೆ ಕರೆತಂದರು. ಗೃಹಸ್ಥರು ವಿಶೇಷ ಸಂದರ್ಭಗಳಲ್ಲಿ ಮನೆಯಲ್ಲಿ ಶ್ವೇತಸುರೆಯನ್ನು ತಯಾರಿಸಿಕೊಳ್ಳಬಹುದೆಂದೂ ಆ ಗ್ರಂಥವು ಅನುಮತಿ ಕೊಡುತ್ತದೆ.

ಬಾರ್ಲಿಯು ತಂಪಿನಲ್ಲಿ, ಸುಮಾರು 15 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಚೆನ್ನಾಗಿ ಮೊಳೆಯುವುದು. ಜೋಳಕ್ಕೆ 25ರಿಂದ 30 ಡಿಗ್ರಿಗಳ ಸೆಕೆಯೇ ಹಿತ. ಈ ದೃಷ್ಟಿಯಿಂದ ಯಾದಗಿರಿಯ ಹವೆ ಜೋಳದ ಪಕ್ಷಪಾತಿ. ಆದರೆ ಮುಂದೆ ತೊಡಕೊಂದಿದೆ. ಬಾರ್ಲಿಯ ಪಿಷ್ಟವು ಸುಮಾರು 60 ಡಿಗ್ರಿಗಳಲ್ಲಿ ಅರಳುವುದರಿಂದ ಬೆಚ್ಚನೆಯ ನೀರಿನಲ್ಲಿ ಕಲಸಿಟ್ಟರೆ ಸಾಕು, ಕಿಣ್ವಗಳು ಕೆಲಸ ಮುಗಿಸುತ್ತವೆ. ಜೋಳದ ಪಿಷ್ಟಕ್ಕೆ 70 ಡಿಗ್ರಿಗೂ ಮೀರಿದ ಕಾವು ಬೇಕಾಗುವುದು. ಅಷ್ಟು ಕಾವಿನಲ್ಲಿ ಕಿಣ್ವಗಳೇ ನಾಶವಾಗತೊಡಗುತ್ತವೆ. ಆಫ್ರಿಕದ ಗೃಹಿಣಿಯರು ಇದಕ್ಕೆ ಕಂಡುಕೊಂಡ ಉಪಾಯ ಮೆಚ್ಚತಕ್ಕದ್ದು: ಮೊಳೆಯದ ಕಾಳಿನ ಹಿಟ್ಟನ್ನು ಗಂಜಿಯಾಗಿ ಕುದಿಸಿ, ಆರಲು ಬಿಟ್ಟು, ಆಮೇಲೆ ಮೊಳಕೆಯ ಹಿಟ್ಟನ್ನು ಬೆರೆಸುವರು. ಗಟ್ಟಿಯಾಗಿದ್ದ ಗಂಜಿ ಕಣ್ಣೆದುರಿಗೇ ನೀರಾಗುವುದು. ಹೀಗೆ ಆದ ಬಿಯರು ಹುಳಿಯಾಗಿ, ಮಬ್ಬಾಗಿ, ಎರಡು ಮೂರು ದಿನಗಳೊಳಗೆ ಮುಗಿಸಬೇಕಾದುದಾಗಿರುತ್ತದೆ. ಸೀಸೆಯ ಬಿಯರಿನ ರೂಢಿಯುಳ್ಳವರಿಗೆ ಅದು ಅಂಬಲಿಯ ಬಂಧುವಾಗಿಯೇ ತೋರೀತು.

ಹಾಗಾದರೆ ನಮ್ಮ ಜೋಳದ ಸೀಮೆಯಲ್ಲಿ ಈ ವಿದ್ಯೆ ಏಕೆ ಬೇರೂರಲಿಲ್ಲ? ಈಚಲ ಮರದ ಸಿಂದಿಯೇ ಕಾರಣವೆಂದು ನನ್ನ ಊಹೆ. ಆ ರಸದಲ್ಲಿ ಸಕ್ಕರೆ ಸಿದ್ಧವಾಗಿಯೇ ಇರುವುದು. ಗಡಿಗೆಗೆ ಇಳಿದ ಕೆಲವು ಗಂಟೆಗಳಲ್ಲಿ ತಾನಾಗಿ ಹುದುಗುವುದು. ವಾರವೆಲ್ಲ ಕಾಳು ನೆನೆಸಿ, ಮೊಳೆಯಿಸಿ, ಒಣಗಿಸುವ ಶ್ರಮ ಯಾರಿಗೆ ಬೇಕು? ನಿಜಾಮರ ಸಂಸ್ಥಾನದ ಅಬಕಾರಿ ಆದಾಯಕ್ಕೂ ಸಿಂದಿ ದೊಡ್ಡ ಆಸರೆಯಾಗಿತ್ತು. ಬ್ರಿಟನ್ನಿನಲ್ಲಿ 1963ರಿಂದ ಮನೆಯ ಬಿಯರಿಗೆ ಪರವಾನಗಿ ಬೇಕಿಲ್ಲವಾದರೂ, 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ಯವನ್ನು ತಯಾರಿಸುವುದು ಅಪರಾಧವೇ ಸರಿ.

ಕಾಯಿದೆಗಿಂತಲೂ ಮುಖ್ಯವಾದ ಎಚ್ಚರಿಕೆ ಬೇರೊಂದಿದೆ. ಇದು ಬಿಯರನ್ನು ಮುಟ್ಟದವರಿಗೂ ಅನ್ವಯಿಸುವುದು. ಮಳೆ ಕೈಕೊಟ್ಟ ವರ್ಷ ಎಳೆಯ ಜೋಳದ ಪೈರನ್ನು ಮೇಯ್ದ ದನಗಳು ಸಾಯುವುದನ್ನು ರೈತರು ಬಲ್ಲರು. ಅದೇ ವಿಷದ ಮೂಲವಾದ ಧುರಿನ್ ಎಂಬ ದ್ರವ್ಯವು ಕಾಳಿನ ಮೊಳಕೆಯಲ್ಲಿಯೂ ಹುಟ್ಟಿ, ಜಜ್ಜಿದಾಗ ಸಯನೈಡನ್ನು ಬಿಡುತ್ತದೆ. ನೂರು ಗ್ರಾಂ ಕಾಳಿನಿಂದ ಬೆಳೆದ ಮೊಳಕೆಗಳಲ್ಲಿ ಸುಮಾರು 60 ಮಿಲಿಗ್ರಾಂ ಸಯನೈಡ್ ದೊರೆತುದಾಗಿ 1984ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ತಿಳಿಸುತ್ತದೆ; ಇಷ್ಟು ಪ್ರಮಾಣ ಬೆಳೆದ ಮನುಷ್ಯನ ಪ್ರಾಣಕ್ಕೂ ಅಪಾಯಕರ. ಆದುದರಿಂದ ಹೆಸರುಕಾಳಿನ ಮೊಳಕೆಯಂತೆ ಜೋಳದ ಮೊಳಕೆಯನ್ನು ಹಸಿಯಾಗಿ ಕೋಸಂಬರಿಗೆ ಹಾಕುವುದು ಎಂದಿಗೂ ಕೂಡದು. ವಿಷದ ಬಹುಪಾಲು ಇರುವುದು ಬೇರು ಮತ್ತು ಕುಡಿಗಳಲ್ಲಿ. ಒಣಗಿಸಿದ ಮೇಲೆ ಅವನ್ನು ಉಜ್ಜಿ, ಕೇರಿ, ಪೂರ್ತಿಯಾಗಿ ತೆಗೆದುಹಾಕತಕ್ಕದ್ದು.

ಮಕ್ಕಳ ಗಂಜಿಗೆ ಮೊಳಕೆಯ ಹಿಟ್ಟು ಬೇಕೆನ್ನುವವರು ರಾಗಿಯನ್ನು ಆರಿಸಿಕೊಳ್ಳುವುದು ಉತ್ತಮ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆಬಟ್ಟೆಯಲ್ಲಿ ಎರಡು ದಿನ ಕಟ್ಟಿಟ್ಟು, ಬಿಸಿಲಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿಕೊಳ್ಳಬಹುದು. ಹೆಚ್ಚು ಹುರಿದರೆ ಕಿಣ್ವ ಸಾಯುವುದು. ದಪ್ಪನಾಗಿ ಬೇಯಿಸಿದ ಗಂಜಿ ಸ್ವಲ್ಪ ಆರಿದ ಮೇಲೆ ಈ ಹಿಟ್ಟನ್ನು ಒಂದು ಚಮಚ ಕದಡಿದರೆ ಅದು ನೀರು ಬೆರೆಸದೆಯೇ ತೆಳುವಾಗಿ, ಸಣ್ಣ ಹೊಟ್ಟೆಯ ಮಗುವಿಗೆ ಹೆಚ್ಚು ಆಹಾರ ಸೇರುವಂತಾಗುವುದು. ತೆಳುವಾದ ಬಳಿಕ ಇನ್ನೊಂದು ಕುದಿ ಬರಿಸಿ ಇಳಿಸಬೇಕು.