ಟೈಲರ್ ಕಾಕಾನ ಟೇಪು ಸುಳ್ಳು ಹೇಳಲಿಲ್ಲ

ದೀಪಾವಳಿಗೆ ರೋಣಕ್ಕೆ ಹೋದಾಗ ಗಜೇಂದ್ರಗಡದಲ್ಲಿ ಒಂದು ಪ್ಯಾಂಟ್ ಹೊಲಿಸಲು ಕೊಟ್ಟೆ. ಟೈಲರ್ ಕಾಕಾ ಟೇಪನ್ನು ಹೊಕ್ಕಳ ಮೇಲೆ ಸುತ್ತಿ, "38 ಆತ್ ನೋಡು ತಮ್ಮಾ" ಅಂದರು.

"ಇಲ್ಲ ಕಾಕಾ, ನಂದು 34."

"34 ಇರೋದು ಹೊಟ್ಟಿ ಕೆಳಗ. ನೀ ಪ್ಯಾಂಟ್ ಹಾಕ್ಕೊಳ್ಳೋದೂ ಅಲ್ಲೇ. ಹೊಟ್ಟಿ ಐತಿ ಮ್ಯಾಲ!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನರಗುಂದದ ಅಣ್ಣ ನೆನಪಾದ. ದೊಡ್ಡಪ್ಪನ ಮಗ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಶುಗರ್ ಇತ್ತು. ಯಾರಾದರೂ ಹೇಳಿದರೆ "ನಾ ಎಲ್ಲಿ ದಪ್ಪ ಅದೀನಿ?" ಅಂತಿದ್ದ. 43ಕ್ಕೆ ಹಾರ್ಟ್ ಅಟ್ಯಾಕ್ ಆಯ್ತು. ಸ್ಟೆಂಟ್ ಹಾಕಿಸಿಕೊಂಡು ಉಳಿದ.

ನನ್ನ ತೂಕ 66 ಕೆ.ಜಿ. ಹೆಲ್ತ್ ಚೆಕಪ್‌ ರಿಪೋರ್ಟಿನಲ್ಲಿ ಬಿಎಂಐ ನಾರ್ಮಲ್ ಅಂತಿತ್ತು, ಅಷ್ಟು ಓದಿ ಮುಚ್ಚಿಟ್ಟಿದ್ದೆ. ಕೆಳಗೆ ಬರೆದಿದ್ದನ್ನು ಆ ರಾತ್ರಿ ನೋಡಿದೆ: ಖಾಲಿ ಹೊಟ್ಟೆಯ ಶುಗರ್ 112, ಟ್ರೈಗ್ಲಿಸರೈಡ್ 210.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿದ್ದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ನೋಡೋಕೆ ತೆಳ್ಳಗೆ, ಒಳಗೆ ಕೊಬ್ಬು. ನಮ್ಮ ದೇಶದಲ್ಲಿ ಇಂಥ ಮೈಕಟ್ಟಿನವರು ಬಹಳ.

ಚರ್ಮದಡಿ ಕೈಗೆ ಸಿಗುವ ಕೊಬ್ಬಿಗಿಂತ ಕರುಳು, ಲಿವರ್ ಸುತ್ತ ಕೂಡುವ ಕೊಬ್ಬು ಅಪಾಯಕಾರಿ. ಅದರಿಂದ ಹೊರಬೀಳುವ ಕೊಬ್ಬಿನಾಮ್ಲ ನೇರವಾಗಿ ಲಿವರಿಗೆ ಹರಿಯುತ್ತದೆ. ಇನ್ಸುಲಿನ್ ಮಾತು ಮೈ ಕೇಳದಂತಾಗುತ್ತದೆ, ಟ್ರೈಗ್ಲಿಸರೈಡ್ ಏರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ. ರಕ್ತನಾಳದ ಗೋಡೆಗೆ ಉರಿಯೂತ ಬೇರೆ. ಮೊದಲೇ ಶುಗರ್, ಬಿಪಿ ಇದ್ದವರಿಗೆ ಇದೂ ಸೇರಿದರೆ ಹೃದಯದ ಮೇಲೆ ಹೊರೆ ಇನ್ನೂ ಜಾಸ್ತಿ.

ಅಳತೆ ಸುಲಭ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ ಟೇಪು ಹಿಡಿಯಿರಿ. ಉಸಿರು ಸಹಜವಾಗಿ ಬಿಟ್ಟ ಮೇಲೆ ನೋಡಿ, ಹೊಟ್ಟೆ ಒಳಗೆಳೆದು ಮೋಸ ಮಾಡ್ಕೋಬೇಡಿ (ನಾನು ಮಾಡಿದ್ದೆ). ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಶುಗರ್, ಬಿಪಿ, ಲಿಪಿಡ್ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿ. ನನ್ನದು 96.

ಅವ್ವ ಮಾಡುವ ಜೋಳದ ರೊಟ್ಟಿಯನ್ನು ದೂರಲಾರೆ. ಅಪ್ಪ ಅದನ್ನೇ ಉಂಡು ಎರೆಹೊಲದಲ್ಲಿ ದಿನವಿಡೀ ದುಡಿದವನು, ನಾನು ಉಂಡು ಲ್ಯಾಪ್‌ಟಾಪ್ ಮುಂದೆ ಕೂತವನು. ಮೇಲೆ ಸಂಜೆ ಗಿರ್ಮಿಟ್, ಮಿರ್ಚಿ, ಎರಡು ಸಕ್ಕರೆ ಚಹಾ.

ಕ್ರಂಚಸ್ ಹೊಡೆದರೆ ಈ ಕೊಬ್ಬು ಕರಗಲ್ಲ. ಚುರುಕು ನಡಿಗೆ, ಸೈಕಲ್‌ಗೆ ಕರಗುತ್ತದೆ, ಕೆಲವೊಮ್ಮೆ ತೂಕದ ಕಾಟಾ ಅಲುಗಾಡದೆಯೂ. ದಿನಾ 45 ನಿಮಿಷ ನಡೆಯೋಕೆ ಶುರು ಮಾಡಿದೆ, ಚಹಾದ ಸಕ್ಕರೆ ಬಿಟ್ಟೆ. ಮಿರ್ಚಿ ವಾರಕ್ಕೊಮ್ಮೆ, ಅದನ್ನಂತೂ ಬಿಡಲಾಗಲಿಲ್ಲ.

ಯುಗಾದಿಗೆ ನರಗುಂದಕ್ಕೆ ಟೇಪು ಒಯ್ದಿದ್ದೆ. ತೂಕ 65, ಹೊಟ್ಟೆ 92. ಅಣ್ಣ ಟೇಪು ಕಸಿದುಕೊಂಡು ಅತ್ತಿಗೆಯನ್ನು ಕರೆದ: "ಬಾ ಇಲ್ಲಿ, ನಿಂದೂ ಒಮ್ಮಿ ನೋಡೂಣು."