ದ್ರಾಕ್ಷಿಯ ಸಿಪ್ಪೆಯಲ್ಲಿ ರಸಾಯನಶಾಸ್ತ್ರ

ಕಪ್ಪು ದ್ರಾಕ್ಷಿಯನ್ನು ಸುಲಿದು ನೋಡಿ. ಒಳಗಿನ ತಿರುಳಿಗೆ ಹೆಚ್ಚು ಕಡಿಮೆ ಬಣ್ಣವೇ ಇಲ್ಲ. ಬಣ್ಣವಿರುವುದು ಸಿಪ್ಪೆಯಲ್ಲಿ, ಅದರ ಹೆಸರು ಆಂಥೋಸಯಾನಿನ್. ಸಿಪ್ಪೆಸಮೇತ ಹುದುಗಿಸಿದರೆ ಕೆಂಪು ವೈನ್, ರಸವನ್ನಷ್ಟೇ ಹುದುಗಿಸಿದರೆ ಬಿಳಿ ವೈನ್.

ಸಿಪ್ಪೆ, ಬೀಜಗಳಿಂದ ಟ್ಯಾನಿನ್ ಎಂಬ ಒಗರು ವಸ್ತುವೂ ರಸಕ್ಕೆ ಇಳಿಯುತ್ತದೆ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿದಂತೆ ಮಾಡುತ್ತದೆ. ವೈನಿಗೆ ಹೆಸರಾದ ಪೋರ್ಚುಗಲ್ ದೇಶದಲ್ಲಿ ಕೆಂಪು ವೈನನ್ನು ಸಾಮಾನ್ಯವಾಗಿ ಮಾಂಸ, ಚೀಸ್‌ಗಳ ಜೊತೆ ಕೊಡುತ್ತಾರೆ. ಅವುಗಳ ಪ್ರೋಟೀನು, ಕೊಬ್ಬು ಒಗರನ್ನು ತಗ್ಗಿಸುತ್ತವೆ. ಹುಳಿಯಾದ ಬಿಳಿ ವೈನು ಮೀನಿನ ಪಾಲಿಗೆ. ಅದರ ಹುಳಿ ನಿಂಬೆ ಹಿಂಡಿದಂತೆ.

ಇದನ್ನು ಪರೀಕ್ಷಿಸಲು ವೈನ್ ಬೇಕಿಲ್ಲ. ಹಾಲಿಲ್ಲದ ಕಡು ಚಹಾ ಒಂದು ಗುಟುಕು ಕುಡಿಯಿರಿ. ಆಮೇಲೆ ಹಾಲು ಬೆರೆಸಿ ಕುಡಿಯಿರಿ. ಒಗರು ಇಳಿದಿರುತ್ತದೆ. ಹಾಲಿನ ಕೇಸೀನ್ ಟ್ಯಾನಿನ್ನನ್ನು ಹಿಡಿದುಕೊಂಡಿದೆ. ರೋಣ, ನರಗುಂದ, ಗಜೇಂದ್ರಗಡದ ಮನೆಗಳಲ್ಲಿ ಜೋಳದ ರೊಟ್ಟಿ, ಖಾರದ ಎಣ್ಣೆಗಾಯಿ ಪಕ್ಕದಲ್ಲಿ ಮೊಸರು ಬಡಿಸುತ್ತಾರಲ್ಲ, ಮೆಣಸಿನಕಾಯಿಯ ಉರಿಯನ್ನು ತಣಿಸುವುದೂ ಇದೇ ಕೇಸೀನ್.

ಹುದುಗಿಸುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಅದು ಸಕ್ಕರೆ ತಿಂದು ಆಲ್ಕೋಹಾಲ್, ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆಲ್ಕೋಹಾಲ್ ಶೇಕಡಾ 15ರ ಸುಮಾರಿಗೆ ಏರಿದಾಗ ಹೆಚ್ಚಿನ ಯೀಸ್ಟ್‌ಗಳು ತಾವೇ ಮಾಡಿದ ವಿಷದಲ್ಲಿ ಸಾಯುತ್ತವೆ. ಪೋರ್ಚುಗಲ್ಲಿನ ಡೋರೊ ಕಣಿವೆಯ ಪೋರ್ಟ್ ವೈನಿಗೆ ನಡುವೆಯೇ ದ್ರಾಕ್ಷಿಯ ಮದ್ಯಸಾರ ಸೇರಿಸಿ ಯೀಸ್ಟನ್ನು ಕೊಲ್ಲುತ್ತಾರೆ. ಉಳಿದ ಸಕ್ಕರೆಯಿಂದ ಅದು ಸಿಹಿ.

ಕರ್ನಾಟಕವೂ 2007ರಲ್ಲಿ ವೈನ್ ನೀತಿ ತಂದಿತು. ಆದರೆ ಬಾಗಲಕೋಟೆಯಾಚೆಯ ವಿಜಯಪುರದಲ್ಲಿ ಬಹಳಷ್ಟು ದ್ರಾಕ್ಷಿ ಒಣದ್ರಾಕ್ಷಿಯಾಗುತ್ತದೆ. ಅಲ್ಲಿ ನೀರಿಲ್ಲದೆ ಯೀಸ್ಟ್ ಬೆಳೆಯದು. ರೈತನಿಗೂ ದುಡಿಮೆ, ಮಗುವಿಗೂ ತಿನಿಸು.

ಮದ್ಯಪಾನಕ್ಕೆ ಸುರಕ್ಷಿತ ಪ್ರಮಾಣವೆಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಪಾಲಕರೇ, ಮಕ್ಕಳು ವೈನ್ ಎಂದರೇನು ಎಂದು ಕೇಳಿದರೆ ಗದರಿಸಬೇಡಿ. ಯೀಸ್ಟಿನ ಕಥೆಯನ್ನು ಕೊನೆಯವರೆಗೂ ಹೇಳಿ.